ಚೊಕ್ಕ ಚಿತ್ರವಿಲ್ಲದೆ ಚೊಕ್ಕ ಮಾಡುವುದು: ನಾಯ್ಸ್2ನಾಯ್ಸ್ ಮತ್ತು ನಾಯ್ಸ್2ವಾಯ್ಡ್ ಬಳಸಿ ನೋಡಿದ ಮೇಲೆ

ಸಾಗರ ತಾಲ್ಲೂಕಿನ ನಮ್ಮೂರ ದೇವಸ್ಥಾನದ ಪೌಳಿಯ ಮೂಲೆಯಲ್ಲಿ ಮೂರು ಪಟ್ಟಿಕೆಗಳ ಒಂದು ವೀರಗಲ್ಲು ನಿಂತಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಎರಡು ಸಾಲು ಬರಹ. ಇಂಥ ಕಲ್ಲುಗಳ ಫೋಟೊಗಳು ನನ್ನ ಬಳಿ ನೂರಾರಿವೆ. ಯಕ್ಷಗಾನದ ರಾತ್ರಿಗಳಲ್ಲಿ ತೆಗೆದವು ಅದಕ್ಕಿಂತಲೂ ಹೆಚ್ಚು. ಬಹುಪಾಲು ಫೋಟೊಗಳನ್ನು ಕ್ಯಾಮೆರಾ ಕೈಯಲ್ಲಿ ಹಿಡಿದೇ, ಮಂದ ಬೆಳಕಿನಲ್ಲಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ತೋರುವ ಸಂವೇದನೆಯ ಮಟ್ಟ) 6400ಕ್ಕೆ ಏರಿಸಿ ತೆಗೆದದ್ದರಿಂದ ಚಿತ್ರದ ಮೇಲೆಲ್ಲ ರವೆ ಚೆಲ್ಲಿದಂತೆ ನಾಯ್ಸ್ ತುಂಬಿದೆ. ಒಮ್ಮೆ ಮೊಬೈಲಿನ ಒಂದು ಆ್ಯಪ್‌ಗೆ, ಅದರ ಹೆಸರು ಇಲ್ಲಿ ಬೇಡ, ಈ ವೀರಗಲ್ಲಿನ ಚಿತ್ರವನ್ನು ಕೊಟ್ಟು ನೋಡಿದೆ. ಬಂದ ಚಿತ್ರ ಕಣ್ಣಿಗೆ ಹಬ್ಬವಾಗಿತ್ತು; ಆದರೆ ಮೊದಲ ಸಾಲಿನಲ್ಲಿ ಕಲ್ಲಿನ ಮೇಲೆ ಇಲ್ಲದ ಒಂದು ಗೆರೆ ಹುಟ್ಟಿಕೊಂಡು, ‘ಪ’ಕಾರವಾಗಿದ್ದ ಅಕ್ಷರದ ಬಾಯಿ ಮುಚ್ಚಿ ‘ವ’ಕಾರವಾಗಿತ್ತು. ಶಾಸನ ಓದುವವರಿಗೆ ಇಂಥ ಚೆಂದಕ್ಕಿಂತ ರವೆಯೇ ಮೇಲು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಇದನ್ನು ತೋರಿಸಿದಾಗ, “ಮಾವ, ಅದು ಯಾರ್‍ಯಾರದೋ ಫೋಟೊ ನೋಡಿ ಕಲಿತಿರೋದು, ನಿಮ್ಮ ಕಲ್ಲು ಅದಕ್ಕೇನು ಗೊತ್ತು? ನಿಮ್ಮ ಕ್ಯಾಮೆರಾದ ಚಿತ್ರದಲ್ಲೇ ಕಲಿಸಿ,” ಎಂದ. ಕಲಿಸುವುದಕ್ಕೆ ನಾಯ್ಸ್ ಇಲ್ಲದ ಚಿತ್ರಗಳು ಬೇಕಲ್ಲವೇ, ಅವಿದ್ದರೆ ಈ ಪಾಡೇಕೆ ಎಂದು ಕೇಳಿದ್ದಕ್ಕೆ, ಬೇಡ ಎಂದು ನಕ್ಕು ಎರಡು ಹೆಸರುಗಳನ್ನು ಬರೆದುಕೊಟ್ಟ: ನಾಯ್ಸ್2ನಾಯ್ಸ್, ನಾಯ್ಸ್2ವಾಯ್ಡ್. ಎರಡೂ ಉಚಿತವಾಗಿ ಸಿಗುವ ತಂತ್ರಗಳು, ಎರಡಕ್ಕೂ ಸಿದ್ಧ ತಂತ್ರಾಂಶವಿದೆ. ಎರಡು ತಿಂಗಳು ಇವುಗಳೊಡನೆ ಏಗಿದವನೊಬ್ಬನ ವಿಮರ್ಶೆ ಇದು.

ನಾಯ್ಸ್2ನಾಯ್ಸ್ 2018ರಲ್ಲಿ ಬಂದದ್ದು. ಎನ್‌ವಿಡಿಯಾದ ಸಂಶೋಧಕರು, ಅವರಲ್ಲಿ ಹೆಚ್ಚಿನವರು ಫಿನ್ಲೆಂಡಿನವರು, ಯಾಕ್ಕೊ ಲೆಹ್ಟಿನೆನ್ ಅವರನ್ನು ಮೊದಲ ಲೇಖಕರನ್ನಾಗಿಸಿಕೊಂಡು ಆ ವರ್ಷದ ಐಸಿಎಂಎಲ್ ಎಂಬ ಯಂತ್ರಕಲಿಕೆಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಅಲ್ಲಿಯವರೆಗಿನ ಪದ್ಧತಿಯಲ್ಲಿ ನರಜಾಲಕ್ಕೆ (ಉದಾಹರಣೆಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ಲೆಕ್ಕಕ್ಕೆ) ಒಂದು ಕೈಯಲ್ಲಿ ಕೆಟ್ಟ ಚಿತ್ರವನ್ನು, ಇನ್ನೊಂದು ಕೈಯಲ್ಲಿ ಅದೇ ದೃಶ್ಯದ ಚೊಕ್ಕ ಚಿತ್ರವನ್ನು ಕೊಟ್ಟು, ‘ಇದನ್ನು ಅದಾಗಿಸು’ ಎಂದು ಸಾವಿರಾರು ಬಾರಿ ತಿದ್ದಿಸಲಾಗುತ್ತಿತ್ತು. ಇವರು ಚೊಕ್ಕ ಚಿತ್ರದ ಜಾಗದಲ್ಲಿ ಅದೇ ದೃಶ್ಯದ ಇನ್ನೊಂದು ಕೆಟ್ಟ ಚಿತ್ರವನ್ನೇ ಇಟ್ಟರು. ಒಂದು ರವೆಯಿಂದ ಇನ್ನೊಂದು ರವೆಯನ್ನು ಊಹಿಸುವುದು ಯಾವ ಜಾಲಕ್ಕೂ ಸಾಧ್ಯವಿಲ್ಲದ ಕೆಲಸವಾದ್ದರಿಂದ, ಆ ಅಸಾಧ್ಯವನ್ನು ಕಲಿಯಲು ಹೆಣಗುವ ಜಾಲ ಕೊನೆಗೆ ಎಲ್ಲ ಸಾಧ್ಯ ಉತ್ತರಗಳ ಸರಾಸರಿಗೆ ಬಂದು ನಿಲ್ಲುತ್ತದೆ, ಮತ್ತು ಆ ಸರಾಸರಿಯೇ ನಮಗೆ ಬೇಕಾದ ಚೊಕ್ಕ ಚಿತ್ರವಾಗಿರುತ್ತದೆ.

ನಮ್ಮ ಕಡೆ ಅಡಿಕೆ ತೋಟವನ್ನು ಚೇಣಿಗೆ (ಮರದ ಮೇಲಿನ ಬೆಳೆಯನ್ನೇ ಗುತ್ತಿಗೆಗೆ) ಕೊಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮರದ ಮೇಲಿನ ಕೊನೆಗಳನ್ನು ನೋಡಿ ಇಷ್ಟು ಕ್ವಿಂಟಾಲ್ ಆಗಬಹುದು ಎಂದು ಅಂದಾಜಿಸುವಾಗ ಒಬ್ಬ ಹೆಚ್ಚು ಹೇಳುತ್ತಾನೆ, ಇನ್ನೊಬ್ಬ ಕಡಿಮೆ ಹೇಳುತ್ತಾನೆ. ತಪ್ಪು ಎರಡೂ ಬದಿಗೆ ಸಮನಾಗಿ ಆಗುತ್ತಿದ್ದರೆ ಹತ್ತು ಜನರ ಮಾತಿನ ಸರಾಸರಿ ನಿಜಕ್ಕೆ ಹತ್ತಿರ ಬರುತ್ತದೆ, ನಿಜವಾದ ತೂಕವನ್ನು ಯಾರೂ ಕಾಣದಿದ್ದರೂ ಬರುತ್ತದೆ. ಆದರೆ ಬಂದವರೆಲ್ಲ ಚೇಣಿ ಹಿಡಿಯುವವರೇ ಆಗಿ, ಎಲ್ಲರೂ ತಮ್ಮ ಅನುಕೂಲಕ್ಕೆ ಕಡಿಮೆಯನ್ನೇ ಹೇಳುತ್ತಿದ್ದರೆ, ಸಾವಿರ ಜನರನ್ನು ಕೇಳಿದರೂ ತೋಟದ ಯಜಮಾನನಿಗೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಇಡೀ ತಂತ್ರದ ಶಕ್ತಿ ಈ ಕೊನೆಯ ಎರಡು ವಾಕ್ಯಗಳಲ್ಲಿ ಮೊದಲನೆಯದರಲ್ಲಿದೆ, ನಾನು ಪಟ್ಟ ಪಾಡೆಲ್ಲ ಎರಡನೆಯದರಲ್ಲಿದೆ. ಚೊಕ್ಕ ಚಿತ್ರ ಬೇಡ ಎಂಬ ಮಾತು ನಿಜವೇ. ಅದರ ಬದಲಿಗೆ ನಿಮ್ಮ ನಾಯ್ಸ್‌ನ ನಡತೆ ನಿಮಗೆ ಚೆನ್ನಾಗಿ ತಿಳಿದಿರಬೇಕು ಎಂಬುದು ಅದರೊಳಗೆ ಅಡಗಿರುವ ಷರತ್ತು. ನಾಯ್ಸ್‌ನ ಸರಾಸರಿ ಸೊನ್ನೆಯಾಗಿರಬೇಕು, ಮತ್ತು ಜೋಡಿಯ ಒಂದು ಚಿತ್ರದ ನಾಯ್ಸ್‌ಗೂ ಇನ್ನೊಂದರದಕ್ಕೂ ನಂಟಿರಬಾರದು.

ಮೂಲ ಪ್ರಬಂಧದ ಫಲಿತಾಂಶಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಕೃತಕವಾಗಿ ಗಾಸಿಯನ್ (ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡುವ) ನಾಯ್ಸ್ ಬೆರೆಸಿದ ಚಿತ್ರಗಳಲ್ಲಿ, ಚೊಕ್ಕ ಗುರಿಯಿಂದ ಕಲಿತ ಜಾಲಕ್ಕೂ ಕೆಟ್ಟ ಗುರಿಯಿಂದ ಕಲಿತ ಜಾಲಕ್ಕೂ ಇರುವ ಅಂತರ ಡೆಸಿಬೆಲ್‌ನ ನೂರನೇ ಕೆಲವು ಭಾಗಗಳಷ್ಟೇ (ಇಲ್ಲಿ ಡೆಸಿಬೆಲ್ ಎಂದರೆ ಚಿತ್ರ ಎಷ್ಟು ಚೊಕ್ಕ ಎಂಬುದರ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು). ಎಂಆರ್‌ಐ ಚಿತ್ರಗಳ ಪ್ರಯೋಗದಲ್ಲಿ ಕೆಟ್ಟ ಗುರಿಯ ಜಾಲ 31.74 ಡೆಸಿಬೆಲ್ ಮುಟ್ಟಿದರೆ ಚೊಕ್ಕ ಗುರಿಯದು 31.77 ಮುಟ್ಟಿತು, ಕಣ್ಣಿಗೆ ಇದು ವ್ಯತ್ಯಾಸವೇ ಅಲ್ಲ. ಇನ್ನೊಂದು ವಿಷಯವನ್ನು ಅವರು ಜಾಣತನದಿಂದ ಎತ್ತಿ ತೋರಿಸಿದ್ದಾರೆ: ತಪ್ಪಿನ ವರ್ಗವನ್ನು (ತಪ್ಪನ್ನು ಅದರಿಂದಲೇ ಗುಣಿಸಿದ್ದನ್ನು) ಕಡಿಮೆ ಮಾಡು ಎಂದು ಜಾಲಕ್ಕೆ ಹೇಳಿದರೆ ಅದು ಸರಾಸರಿಯನ್ನು ಹುಡುಕುತ್ತದೆ, ತಪ್ಪಿನ ಬರಿಯ ಪ್ರಮಾಣವನ್ನು ಕಡಿಮೆ ಮಾಡು ಎಂದರೆ ಮಧ್ಯಾಂಕವನ್ನು (ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದನ್ನು) ಹುಡುಕುತ್ತದೆ. ಚಿತ್ರದ ಮೇಲೆ ಅಡ್ಡಾದಿಡ್ಡಿಯಾಗಿ ಅಚ್ಚಾದ ಬರಹವನ್ನು ಅಳಿಸುವ ಪ್ರಯೋಗಕ್ಕೆ ಅವರು ಎರಡನೆಯ ದಾರಿಯನ್ನು ಹಿಡಿದರು, ಏಕೆಂದರೆ ಒಬ್ಬಿಬ್ಬರು ಹುಚ್ಚಾಪಟ್ಟೆ ಅಂಕಿ ಹೇಳಿದರೆ ಸರಾಸರಿ ಕೆಡುತ್ತದೆ, ಮಧ್ಯಾಂಕ ಕೆಡುವುದಿಲ್ಲ. ಯಾವ ಸರಕಿಗೆ ಯಾವ ತಕ್ಕಡಿ ಎಂಬ ಈ ವಿವೇಚನೆ ಪ್ರಬಂಧದ ಬಹಳ ಉಪಯುಕ್ತವಾದ ಭಾಗ ಎಂದು ನನ್ನ ಅನಿಸಿಕೆ. ತಂತ್ರವನ್ನು ಹೊಗಳಿ ಬರೆಯುವವರು ಇದನ್ನು ಹೆಚ್ಚಾಗಿ ಹಾರಿಸಿಬಿಡುತ್ತಾರೆ.

ಹಾಗಾದರೆ ಟ್ರೈಪಾಡ್ ಇಟ್ಟು, ಐಎಸ್‌ಒ ಇಳಿಸಿ, ನಿಧಾನವಾಗಿ ಚೊಕ್ಕ ಫೋಟೊ ತೆಗೆದು ಹಳೆಯ ಪದ್ಧತಿಯಲ್ಲೇ ಕಲಿಸಬಾರದೇ ಎಂದು ಕೇಳಬಹುದು. ಪ್ರಾಮಾಣಿಕವಾಗಿ ಹೇಳುವುದಾದರೆ, ನನ್ನ ಮಟ್ಟಿಗೆ ಅದು ಅಸಾಧ್ಯವೇನಲ್ಲ, ಬೇಸರದ ಕೆಲಸ ಅಷ್ಟೇ. ಇದು ನಿಜಕ್ಕೂ ಅನಿವಾರ್ಯವಾಗುವುದು ಬೇರೆಡೆ. ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ (ಹೆಪ್ಪುಗಟ್ಟಿಸಿದ ಮಾದರಿಯನ್ನು ಎಲೆಕ್ಟ್ರಾನ್ ಹಾಯಿಸಿ ನೋಡುವ ಉಪಕರಣದಲ್ಲಿ) ಪ್ರೋಟೀನಿನ ಚಿತ್ರ ತೆಗೆಯುವಾಗ, ಚಿತ್ರ ಚೊಕ್ಕವಾಗುವಷ್ಟು ಎಲೆಕ್ಟ್ರಾನ್‌ಗಳನ್ನು ಹಾಯಿಸಿದರೆ ಮಾದರಿಯೇ ಹಾಳಾಗುತ್ತದೆ. ಅಲ್ಲಿ ಚೊಕ್ಕ ಚಿತ್ರ ಎಂಬುದು ಯಾವ ದುಡ್ಡಿಗೂ ಸಿಗದ ವಸ್ತು. ಆದರೆ ಆ ಉಪಕರಣ ಒಂದೇ ಜಾಗವನ್ನು ಪುಟ್ಟ ಚಲನಚಿತ್ರದಂತೆ ಹಲವು ಚೌಕಟ್ಟುಗಳಲ್ಲಿ ಸೆರೆಹಿಡಿಯುವುದರಿಂದ, ಸಮ ಸಂಖ್ಯೆಯ ಚೌಕಟ್ಟುಗಳನ್ನೆಲ್ಲ ಒಂದು ಚಿತ್ರವಾಗಿಯೂ ಬೆಸ ಸಂಖ್ಯೆಯವನ್ನು ಇನ್ನೊಂದಾಗಿಯೂ ಕೂಡಿಸಿದರೆ ನಾಯ್ಸ್2ನಾಯ್ಸ್‌ಗೆ ಬೇಕಾದ ಜೋಡಿ ತಾನಾಗಿಯೇ ಸಿದ್ಧವಾಗುತ್ತದೆ. 2020ರಲ್ಲಿ ಪ್ರಕಟವಾದ ಟೋಪಾಜ್-ಡಿನಾಯ್ಸ್ ಎಂಬ ತಂತ್ರಾಂಶ ಇದನ್ನೇ ಮಾಡುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ) ಆವರಣದ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರದಲ್ಲಿ ಇರುವವೂ ಈ ಬಗೆಯ ಉಪಕರಣಗಳೇ. ವೀರಗಲ್ಲಿನ ಮುಂದೆ ಕುಳಿತ ನನ್ನದು ಅದೇ ಉಪಾಯದ ಬಡ ಸಂಸಾರ.

ತಂತ್ರಾಂಶದ ವಿಷಯಕ್ಕೆ ಬರುತ್ತೇನೆ. ಎನ್‌ವಿಡಿಯಾದವರು ಬಿಡುಗಡೆ ಮಾಡಿದ ಮೂಲ ಕೋಡ್ ಹಳೆಯ ಟೆನ್ಸರ್‌ಫ್ಲೋ (ನರಜಾಲ ಕಟ್ಟುವ ಒಂದು ತಂತ್ರಾಂಶ) ಕಾಲದ್ದು, ಅದರ ಪರವಾನಗಿಯೂ ವಾಣಿಜ್ಯೇತರ ಬಳಕೆಗೆ ಮಾತ್ರ. ಸ್ಟುಡಿಯೊ ಇಟ್ಟುಕೊಂಡು ಮದುವೆ ಫೋಟೊ ತೆಗೆಯುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಪ್ರಬಂಧದ ಫಲಿತಾಂಶಗಳನ್ನು ಮತ್ತೆ ಪಡೆಯುವುದಕ್ಕೆ ಬರೆದ ಕೋಡ್ ಅದು, ನಮ್ಮಂಥವರ ದಿನಬಳಕೆಗೆ ಬರೆದದ್ದಲ್ಲ. ನಾನು ಬಳಸಿದ್ದು ಕೇರಾಮಿಕ್ಸ್ ಎಂಬ ಪೈಟಾರ್ಚ್ (ಅಂಥದೇ ಇನ್ನೊಂದು ತಂತ್ರಾಂಶ) ಆಧಾರಿತ ಸಿದ್ಧ ಕೋಡ್ ಸಂಗ್ರಹವನ್ನು. ಇಟಲಿಯ ಮಿಲಾನ್‌ನಲ್ಲಿರುವ ಹ್ಯೂಮನ್ ಟೆಕ್ನೋಪೋಲ್ ಸಂಸ್ಥೆಯಲ್ಲಿ ಫ್ಲೋರಿಯನ್ ಯುಗ್ ಅವರ ಬಳಗ ಸೂಕ್ಷ್ಮದರ್ಶಕ ಬಳಸುವ ಜೀವವಿಜ್ಞಾನಿಗಳಿಗಾಗಿ ಇದನ್ನು ಕಟ್ಟಿದೆ. ನಾಯ್ಸ್2ನಾಯ್ಸ್, ನಾಯ್ಸ್2ವಾಯ್ಡ್ ಮತ್ತು ಚೊಕ್ಕ ಚಿತ್ರದಿಂದ ಕಲಿಯುವ ಹಳೆಯ ಪದ್ಧತಿ, ಮೂರೂ ಒಂದೇ ಬಾಗಿಲಿನಿಂದ ಸಿಗುತ್ತವೆ. ನನ್ನಂಥ ಫೋಟೊದವನಿಗೆ ಅದರ ಭಾಷೆ ಮೊದಲು ಪರಕೀಯವೆನಿಸಿತು, ಏಕೆಂದರೆ ಎಲ್ಲ ಉದಾಹರಣೆಗಳೂ ಜೀವಕೋಶಗಳವು. ಒಂದು ಸಂಜೆ ಕುಳಿತರೆ ಅಭ್ಯಾಸವಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಮಾತ್ರ ಬೇಕೇ ಬೇಕು. ಅಳಿಯ ತನ್ನ ಗೇಮ್ ಆಡುವ ಲ್ಯಾಪ್‌ಟಾಪನ್ನು ದಸರಾ ರಜೆಗೆ ಬಂದಾಗ ಇಲ್ಲೇ ಬಿಟ್ಟುಹೋದ.

ಕಲಿಸುವುದಕ್ಕೆ ಜೋಡಿ ಚಿತ್ರಗಳು ಬೇಕು, ಜೋಡಿಯ ನಡುವೆ ಕೂದಲೆಳೆಯಷ್ಟೂ ಅಲುಗಾಟ ಇರಬಾರದು. ವೀರಗಲ್ಲು ಅಲುಗಾಡುವುದಿಲ್ಲ, ಸರಿ. ಆದರೆ ರಂಗಸ್ಥಳದಲ್ಲಿ ದಿಗಿಣ ಹಾಕುವ ಕಲಾವಿದರನ್ನು ಎರಡು ಬಾರಿ ಒಂದೇ ಭಂಗಿಯಲ್ಲಿ ಹಿಡಿಯುವವರು ಯಾರು? ಇದಕ್ಕೆ ಹೊಳೆದ ಉಪಾಯವೆಂದರೆ ಚೌಕಿ, ಕಲಾವಿದರು ವೇಷ ಕಟ್ಟುವ ಜಾಗ. ಆಟ ಶುರುವಾಗುವ ಮೊದಲು ವೇಷದ ಪೆಟ್ಟಿಗೆಗಳನ್ನು ತೆರೆದು ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಸಾಲಾಗಿ ಇಟ್ಟಿರುತ್ತಾರೆ. ರಂಗಸ್ಥಳದಲ್ಲಿ ಕಾಣುವ ಬಣ್ಣ, ಬೇಗಡೆ, ಕನ್ನಡಿ ಚೂರು ಎಲ್ಲವೂ ಅಲ್ಲಿ ಕದಲದೆ ಕುಳಿತಿರುತ್ತವೆ. ಅದೇ ಕ್ಯಾಮೆರಾ, ಅದೇ ಐಎಸ್‌ಒ 6400, ಟ್ರೈಪಾಡ್ ಮತ್ತು ಬಟನ್ ಮುಟ್ಟದೆ ತೆಗೆಯಲು ಒಂದು ರಿಮೋಟ್: ಪ್ರತಿ ದೃಶ್ಯಕ್ಕೆ ಎರಡರಿಂದ ನಾಲ್ಕು ಚಿತ್ರ. ದೇವಸ್ಥಾನದಲ್ಲಿ ಇದೇ ಕೆಲಸ ಮಾಡುವಾಗ ನಮ್ಮ ಭಟ್ಟರು ಸ್ವಲ್ಪ ಹೊತ್ತು ನೋಡಿ, “ಅದೇ ಕಲ್ಲನ್ನ ಎಷ್ಟು ಸಲ ತೆಗಿತೀರಿ ಮಾರಾಯ್ರೆ, ಮೊದಲಿನದು ಸರಿ ಬರ್ಲಿಲ್ವಾ?” ಎಂದರು. ಸರಿ ಬರದಿರುವುದೇ ಬೇಕಾಗಿದೆ ಎಂದು ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಮಂಗಳಾರತಿಯ ಹೊತ್ತಾಯಿತು.

ಒಂದೇ ದೃಶ್ಯವನ್ನು ಇಪ್ಪತ್ತು ಬಾರಿ ತೆಗೆಯುವುದಕ್ಕಿಂತ ಹತ್ತು ದೃಶ್ಯಗಳನ್ನು ಎರಡೆರಡು ಬಾರಿ ತೆಗೆಯುವುದು ಲಾಭ. ಚಿತ್ರ ತೆಗೆಯಲು ಇರುವ ಸಮಯ ಇಷ್ಟೇ ಎಂದಾಗ, ಅದನ್ನೆಲ್ಲ ಕೆಲವೇ ಚೊಕ್ಕ ಚಿತ್ರಗಳಿಗೆ ಸುರಿಯುವುದಕ್ಕಿಂತ ಹೆಚ್ಚು ದೃಶ್ಯಗಳ ಕೆಟ್ಟ ಚಿತ್ರಗಳಿಗೆ ಹಂಚುವುದು ಮೇಲು ಎಂದು ಮೂಲ ಪ್ರಬಂಧವೇ ತೋರಿಸಿದೆ. ನಾನು ಇದನ್ನು ತಡವಾಗಿ ಓದಿದೆ. ಮೊದಲ ಸುತ್ತಿನಲ್ಲಿ ಬರೀ ಕಲ್ಲಿನ ಜೋಡಿಗಳಿಂದ ಕಲಿಸಿದ ಮಾದರಿ, ಯಕ್ಷಗಾನದ ಚಿತ್ರ ಕೊಟ್ಟಾಗ ಕಸೆ ಸೀರೆಯ ಚೌಕುಳಿಯನ್ನು ಕಲ್ಲಿನ ಮೈಯಂತೆ ನುಣ್ಣಗೆ ಸವರಿತ್ತು. ಚೌಕಿಯ ಜೋಡಿಗಳನ್ನು ಸೇರಿಸಿ ರಾತ್ರಿಯಿಡೀ ಮತ್ತೆ ಕಲಿಸಿದ ಮೇಲೆ ಚೌಕುಳಿ ಮರಳಿ ಬಂತು.

ಫಲಿತಾಂಶ ಹೇಗಿದೆ ಎಂಬುದಕ್ಕೆ ಒಂದೇ ಚಿತ್ರವನ್ನು ಹತ್ತಿರದಿಂದ ನೋಡೋಣ. ಬಡಗುತಿಟ್ಟಿನ ಪುರುಷವೇಷ, ಪೀಠಿಕೆಯ ಹೊತ್ತು, ಮುಖದ ಒಂದು ಬದಿಗೆ ಮಾತ್ರ ಬೆಳಕು. ಮೂಲ ಚಿತ್ರದಲ್ಲಿ ನೆರಳಿನ ಬದಿಯ ಕೆನ್ನೆಯ ಮೇಲೆ ಕೆಂಪು, ಹಸಿರು ಚುಕ್ಕೆಗಳು ಕುಣಿಯುತ್ತಿದ್ದವು. ಹಣೆಯ ನಾಮದ ಅಂಚು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತಿರಲಿಲ್ಲ. ನಾಯ್ಸ್2ನಾಯ್ಸ್ ಹಾಯಿಸಿದ ಮೇಲೆ ಕೆನ್ನೆಯ ಬಣ್ಣ ಒಂದೇ ಹದಕ್ಕೆ ಬಂತು, ನಾಮದ ಅಂಚು ಬೆರಳಿನಿಂದ ಎಳೆದ ಗೆರೆಯಷ್ಟೇ ಅಂಕುಡೊಂಕಾಗಿ ಕಾಣಿಸಿತು, ಕಿರೀಟದ ಕನ್ನಡಿ ಚೂರುಗಳ ಮಿಂಚು ಹಾಗೆಯೇ ಉಳಿಯಿತು. ನೆರಳಿನೊಳಗಿನ ಹುಬ್ಬಿನ ಕೂದಲು ಮಾತ್ರ ಮೆತ್ತಗಾಗಿ ಒಂದು ಪಟ್ಟಿಯಂತಾಯಿತು. ಸರಾಸರಿಗೆ ಒಗ್ಗಿದ ಜಾಲದ ಸ್ವಭಾವ ಇದು: ಗೊತ್ತಿಲ್ಲದ ಕಡೆ ಹೊಸ ಗೆರೆ ಎಳೆಯುವ ಬದಲು ಮಸುಕಾಗಿ ಬಿಟ್ಟುಬಿಡುತ್ತದೆ. ಮೊಬೈಲಿನ ಆ ಆ್ಯಪ್ ಕೊಟ್ಟ ಹರಿತ ಇಲ್ಲಿ ಇಲ್ಲ, ಅದರ ಸುಳ್ಳೂ ನನಗೆ ಕಾಣಲಿಲ್ಲ. ಈ ಒಂದು ಕಾರಣಕ್ಕೇ ನಾನು ಇದರ ಪಕ್ಷ.

ಇನ್ನು ಪಾಡುಗಳು. ಮೊದಲ ವಾರ ನಾನು ಜೆಪೆಗ್ (ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸಿ ಕೊಡುವ) ಚಿತ್ರಗಳಿಂದಲೇ ಕಲಿಸಿ ಕೈಸುಟ್ಟುಕೊಂಡೆ. ಬಂದ ಚಿತ್ರಗಳಲ್ಲಿ ರವೆ ಹೋಗಿತ್ತು, ಜೊತೆಗೆ ಕಪ್ಪೂ ಹೋಗಿತ್ತು; ಪೌಳಿಯ ಕತ್ತಲೆ ಮೂಲೆ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಬೆಳಕಿನ ಕಣಗಳ ಏರಿಳಿತದಿಂದ ಸಂವೇದಕದಲ್ಲಿ ಹುಟ್ಟುವ ನಾಯ್ಸ್‌ನ ಸರಾಸರಿ ಸೊನ್ನೆಯೇ. ಆದರೆ ಬಹಳ ಕತ್ತಲೆಯ ಜಾಗದಲ್ಲಿ ಆ ಏರಿಳಿತ ಸೊನ್ನೆಗಿಂತ ಕೆಳಗಿಳಿಯುವ ಹೊತ್ತಿಗೆ ಜೆಪೆಗ್ ಅದನ್ನು ಸೊನ್ನೆಗೇ ಕತ್ತರಿಸಿಬಿಡುತ್ತದೆ. ಮೇಲಕ್ಕೆ ಹೋದ ತಪ್ಪುಗಳು ಉಳಿದು ಕೆಳಕ್ಕೆ ಹೋದವು ಕತ್ತರಿಸಿದರೆ ಸರಾಸರಿ ಮೇಲಕ್ಕೇ ಸರಿಯುತ್ತದೆ. ಚೇಣಿಯವರ ಕಥೆಯೇ, ದಿಕ್ಕು ಮಾತ್ರ ಬೇರೆ. ಅದರ ಮೇಲೆ ಜೆಪೆಗ್ ಹೊಳಪನ್ನು ವಕ್ರರೇಖೆಯೊಂದರ ಮೂಲಕ ಬಗ್ಗಿಸುತ್ತದೆ, ಬಗ್ಗಿಸಿದ ಬೆಲೆಗಳ ಸರಾಸರಿಯೂ ಸರಾಸರಿಯನ್ನು ಬಗ್ಗಿಸಿದಾಗ ಬರುವ ಬೆಲೆಯೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಸಂವೇದಕ ಅಳೆದದ್ದನ್ನು ತಿದ್ದದೆ ಇಡುವ ರಾ ಕಡತದಲ್ಲೇ ಕೆಲಸ ಮಾಡಬೇಕು, ಕಪ್ಪಿನ ಮಟ್ಟವನ್ನು (ಬೆಳಕಿಲ್ಲದಾಗಲೂ ಸಂವೇದಕ ತೋರುವ ಬೆಲೆಯನ್ನು) ಕಳೆಯುವಾಗ ಋಣ ಬೆಲೆಗಳನ್ನು ಕತ್ತರಿಸದೆ ಉಳಿಸಿಕೊಳ್ಳಬೇಕು. ಸಂವೇದಕದ ಪ್ರತಿ ಬಿಂದು (ಪಿಕ್ಸೆಲ್) ಒಂದೇ ಬಣ್ಣವನ್ನು ಅಳೆಯುವುದರಿಂದ, ಕೆಂಪು, ನೀಲಿ ಮತ್ತು ಎರಡು ಹಸಿರು ಬಿಂದುಗಳನ್ನು ನಾಲ್ಕು ಪದರಗಳಾಗಿ ಬೇರ್ಪಡಿಸಿ ಕೊಟ್ಟ ಮೇಲೆ ಕಪ್ಪು ಕಪ್ಪಾಗಿಯೇ ಬಂತು.

ಎರಡನೆಯದು ಬಿಸಿ ಬಿಂದುಗಳು. ಹಳೆಯ ಸಂವೇದಕದಲ್ಲಿ ಕೆಲವು ಬಿಂದುಗಳು ಯಾವಾಗಲೂ ಹೊಳೆಯುತ್ತಿರುತ್ತವೆ. ಜೋಡಿಯ ಎರಡೂ ಚಿತ್ರಗಳಲ್ಲಿ ಅವು ಒಂದೇ ಜಾಗದಲ್ಲಿ ಕುಳಿತಿರುವುದರಿಂದ ಜಾಲ ಅವನ್ನು ದೃಶ್ಯದ ಭಾಗವೆಂದೇ ನಂಬಿ, ಸುತ್ತಲಿನ ರವೆಯನ್ನೆಲ್ಲ ತೆಗೆದು ಇವನ್ನು ನಕ್ಷತ್ರಗಳಂತೆ ಬೆಳಗಿಸಿ ಕೊಡುತ್ತದೆ. ತಪ್ಪು ತಂತ್ರದ್ದಲ್ಲ, ನಂಟಿಲ್ಲದ ನಾಯ್ಸ್ ಬೇಕು ಎಂದು ಅದು ಮೊದಲೇ ಹೇಳಿತ್ತು. ಲೆನ್ಸಿಗೆ ಮುಚ್ಚಳ ಹಾಕಿ ಕೆಲವು ಚಿತ್ರ ತೆಗೆದು, ಅವುಗಳಲ್ಲಿ ಹೊಳೆಯುವ ಬಿಂದುಗಳನ್ನು ಗುರುತಿಸಿ ಮೊದಲೇ ತೆಗೆದುಹಾಕಿದರೆ ಈ ತೊಂದರೆ ಮುಗಿಯುತ್ತದೆ. ಮೂರನೆಯದು ಬೆಳಕಿನದೇ ಅಲುಗಾಟ. ಚೌಕಿಯ ಅಗ್ಗದ ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, 1/250 ಸೆಕೆಂಡಿನ ಶಟರಿನಲ್ಲಿ ತೆಗೆದ ಜೋಡಿಯಲ್ಲಿ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಮಂಕಾಗಿ ಬಂತು. ಶಟರನ್ನು 1/100ಕ್ಕೆ ಇಳಿಸಿದಾಗ ಸರಿಹೋಯಿತು. ದೇವಸ್ಥಾನದ ಎಣ್ಣೆದೀಪಕ್ಕೆ ಮಾತ್ರ ಔಷಧವಿಲ್ಲ. ಒಂದು ಚಿತ್ರದಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ಬಾಗಿದ ಕುಡಿಯಿಂದ ಕಲಿತ ಜಾಲ, ದೀಪವನ್ನು ಹಿಂಜಿದ ಹತ್ತಿಯಂತೆ ಹರಡಿಬಿಟ್ಟಿತು. ದೀಪವಿರುವ ಭಾಗವನ್ನು ತರಬೇತಿಯಿಂದ ಕತ್ತರಿಸಿ ತೆಗೆದೆ.

ಜೋಡಿಯೇ ಇಲ್ಲದವರಿಗೆ ನಾಯ್ಸ್2ವಾಯ್ಡ್. 2019ರ ಸಿವಿಪಿಆರ್ ಎಂಬ ಕಂಪ್ಯೂಟರ್ ದೃಷ್ಟಿಯ ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಕ್ರುಲ್, ಟಿಮ್-ಒಲಿವರ್ ಬುಖ್‌ಹೋಲ್ಟ್ಸ್ ಮತ್ತು ಫ್ಲೋರಿಯನ್ ಯುಗ್ ಮಂಡಿಸಿದ ಈ ತಂತ್ರಕ್ಕೆ ಒಂದೇ ಒಂದು ಕೆಟ್ಟ ಚಿತ್ರ ಸಾಕು. ಚಿತ್ರದ ಅಲ್ಲೊಂದು ಇಲ್ಲೊಂದು ಬಿಂದುವನ್ನು ಮರೆಮಾಡಿ, ಅದರ ಜಾಗಕ್ಕೆ ನೆರೆಯ ಯಾವುದಾದರೂ ಬಿಂದುವಿನ ಬೆಲೆಯನ್ನು ತುಂಬಿ, ಮರೆಯಾದದ್ದು ಏನಿತ್ತು ಹೇಳು ಎಂದು ಜಾಲವನ್ನು ಕೇಳಲಾಗುತ್ತದೆ. ದೃಶ್ಯ ಅಕ್ಕಪಕ್ಕದ ಬಿಂದುಗಳಿಂದ ಊಹೆಗೆ ಸಿಗುತ್ತದೆ, ನಾಯ್ಸ್ ಸಿಗುವುದಿಲ್ಲ. ಆದ್ದರಿಂದ ಜಾಲ ದೃಶ್ಯವನ್ನಷ್ಟೇ ಹೇಳುತ್ತದೆ. ಕಣ್ಣಿನ ಅಂಧಬಿಂದುವನ್ನು ಮಿದುಳು ಸುತ್ತಲಿನ ನೋಟದಿಂದ ತುಂಬಿಕೊಳ್ಳುವ ಹಾಗೆ. ಅದೇ ವರ್ಷ ಜೋಶುವಾ ಬ್ಯಾಟ್ಸನ್ ಮತ್ತು ಲೊಯಿಕ್ ರಾಯರ್ ನಾಯ್ಸ್2ಸೆಲ್ಫ್ ಎಂಬ ಹೆಸರಿನಲ್ಲಿ ಇಂಥದೇ ವಿಚಾರವನ್ನು ಹೆಚ್ಚು ಗಣಿತಬದ್ಧವಾಗಿ ಮುಂದಿಟ್ಟರು.

ಕೇಳಲು ಇದು ಹೆಚ್ಚು ಆಕರ್ಷಕ. ಬಳಸುವಾಗ ಹೆಚ್ಚು ನಾಜೂಕು. ಒಂದು ಬಿಂದುವಿನ ನಾಯ್ಸ್‌ಗೂ ಪಕ್ಕದ ಬಿಂದುವಿನ ನಾಯ್ಸ್‌ಗೂ ನಂಟಿರಬಾರದು ಎಂಬುದು ಇಲ್ಲಿನ ಷರತ್ತು, ಮತ್ತು ಸಾಮಾನ್ಯ ಫೋಟೊಗಳಲ್ಲಿ ಅದು ಎಂದೂ ಪಾಲನೆಯಾಗುವುದಿಲ್ಲ. ಕ್ಯಾಮೆರಾ ಒಂದು ಬಿಂದುವಿನಲ್ಲಿ ಒಂದೇ ಬಣ್ಣವನ್ನು ಅಳೆದು ಉಳಿದೆರಡನ್ನು ನೆರೆಯವರಿಂದ ಕಡ ತಂದು ತುಂಬುವುದರಿಂದ ನಾಯ್ಸ್ ಕೂಡ ನೆರೆಗೆ ಹರಡುತ್ತದೆ. ಜೆಪೆಗ್ ಅದನ್ನು 8×8 ಚೌಕಗಳಲ್ಲಿ ಇನ್ನಷ್ಟು ಕಲಸುತ್ತದೆ. ಮೊಬೈಲಾದರೆ ಹಲವು ಚಿತ್ರಗಳನ್ನು ತಾನೇ ಕೂಡಿಸಿ ತಿದ್ದಿ ಕೊಟ್ಟಿರುತ್ತದೆ. ಇಂಥ ಚಿತ್ರ ಕೊಟ್ಟರೆ ಸಣ್ಣ ರವೆ ಹೋಗಿ ಅದರ ಬದಲು ಕಲೆಕಲೆಯಾದ ಹೆಪ್ಪುಗಳು ಉಳಿಯುತ್ತವೆ. ರಾ ಕಡತದ ನಾಲ್ಕು ಪದರಗಳಲ್ಲಿ ಕೊಟ್ಟಾಗ ಸಾಕಷ್ಟು ಚೆನ್ನಾಗಿ ಕೆಲಸ ಮಾಡಿತು. ಕೆಲವೆಡೆ ಚದುರಂಗದ ಹಲಗೆಯಂಥ ಮಸುಕು ವಿನ್ಯಾಸ ಕಾಣಿಸಿತು. ಇದು ಈ ತಂತ್ರದ ತಿಳಿದಿರುವ ದೋಷ, 2022ರಲ್ಲಿ ಬಂದ ಎನ್2ವಿ2 ಎಂಬ ಪರಿಷ್ಕರಣೆ ಅದಕ್ಕಾಗಿಯೇ ಇದೆ, ಕೇರಾಮಿಕ್ಸ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು. ಆದರೆ ಕಿರೀಟದ ಮಿಂಚಿನ ವಿಷಯದಲ್ಲಿ ಪರಿಷ್ಕರಣೆಯೂ ನನಗೆ ನೆರವಾಗಲಿಲ್ಲ. ದೂರದಿಂದ ತೆಗೆದ ಚಿತ್ರದಲ್ಲಿ ಕನ್ನಡಿ ಚೂರಿನ ಹೊಳಪು ಒಂದೇ ಬಿಂದುವಿನಷ್ಟಿರುತ್ತದೆ. ನೆರೆಯವರನ್ನು ಕೇಳಿ ಅದನ್ನು ಊಹಿಸಲು ಬರುವುದಿಲ್ಲ, ಊಹೆಗೆ ಬಾರದ್ದು ಇದರ ಲೆಕ್ಕದಲ್ಲಿ ನಾಯ್ಸ್. ನಾಯ್ಸ್2ನಾಯ್ಸ್ ಉಳಿಸಿದ ಹನ್ನೊಂದು ಮಿಂಚುಗಳಲ್ಲಿ ಇದು ನಾಲ್ಕನ್ನು ನುಂಗಿತ್ತು. ಜೂಮ್ ಮಾಡಿ ಕೈಯಾರೆ ಎಣಿಸಿದ್ದೇನೆ.

ಇಷ್ಟಾದರೂ ಒಂದು ಮುಜುಗರ ಉಳಿಯುತ್ತದೆ. ಚೊಕ್ಕ ಚಿತ್ರವಿಲ್ಲದೆ ಕಲಿಸಿದ್ದಾಯಿತು, ಕಲಿತದ್ದು ಸರಿಯೇ ಎಂದು ಅಳೆಯುವುದು ಯಾವುದರಿಂದ? ಕೊನೆಗೆ ನಾನು ವೀರಗಲ್ಲಿನ ಮುಂದೆ ಟ್ರೈಪಾಡ್ ಇಟ್ಟು ಒಂದೇ ದೃಶ್ಯವನ್ನು 64 ಬಾರಿ ತೆಗೆದು ಕೂಡಿಸಿದೆ. ಹಾಗೆ ಮಾಡಿದರೆ ನಾಯ್ಸ್ ಎಂಟನೇ ಒಂದಕ್ಕೆ ಇಳಿಯುತ್ತದೆ. ಬೇಡವೆಂದ ಚೊಕ್ಕ ಚಿತ್ರವನ್ನು ಹಿಂಬಾಗಿಲಿನಿಂದ ಮನೆಗೆ ತಂದಂತಾಯಿತು, ಆದರೂ ಅದಕ್ಕೆ ಹೋಲಿಸಿ ನೋಡಿದಾಗಲೇ ನನಗೆ ನೆಮ್ಮದಿ. ಅಷ್ಟು ತಾಳ್ಮೆಯಿಲ್ಲದವರಿಗೆ ಇನ್ನೊಂದು ಪರೀಕ್ಷೆಯಿದೆ. ಮೂಲ ಚಿತ್ರದಿಂದ ಚೊಕ್ಕಗೊಂಡ ಚಿತ್ರವನ್ನು ಕಳೆಯಬೇಕು. ಉಳಿದದ್ದರಲ್ಲಿ ಬರೀ ರವೆಯಿದ್ದರೆ ಸರಿ. ಅಕ್ಷರದ ಅಂಚೋ ಮೂಗಿನ ಗೆರೆಯೋ ಕಂಡರೆ ರವೆಯೊಡನೆ ಅಕ್ಕಿಯೂ ಹೋಗಿದೆ ಎಂದರ್ಥ. ಬರಹದ ಎರಡನೆಯ ಸಾಲಿಗೆ ಹೀಗೆ ಮಾಡಿದಾಗ, ನಾಯ್ಸ್2ವಾಯ್ಡ್‌ನ ಉಳಿಕೆಯಲ್ಲಿ ಮೂರು ಅಕ್ಷರಗಳ ಬೆನ್ನು ಸ್ಪಷ್ಟವಾಗಿ ಮೂಡಿತ್ತು, ನಾಯ್ಸ್2ನಾಯ್ಸ್‌ನದರಲ್ಲಿ ಒಂದರ ನೆರಳಷ್ಟೇ ಇತ್ತು.

ಹೀಗಾಗಿ ಒಂದೇ ಕ್ಯಾಮೆರಾದಲ್ಲಿ, ಒಂದೇ ಬಗೆಯ ಕತ್ತಲೆಯಲ್ಲಿ ವರ್ಷಗಟ್ಟಲೆ ಫೋಟೊ ತೆಗೆದು ರಾ ಕಡತಗಳನ್ನು ಜೋಪಾನವಾಗಿಟ್ಟವರಿಗೆ ನಾಯ್ಸ್2ನಾಯ್ಸ್ ಅನ್ನು ಎರಡು ಮಾತಿಲ್ಲದೆ ಶಿಫಾರಸು ಮಾಡುತ್ತೇನೆ; ಒಂದು ಭಾನುವಾರ ಜೋಡಿ ಚಿತ್ರಗಳಿಗೆ, ಒಂದು ರಾತ್ರಿ ತರಬೇತಿಗೆ ಕೊಟ್ಟರೆ ಹಳೆಯ ಸಂಗ್ರಹವೆಲ್ಲ ಕೈಗೆ ಬರುತ್ತದೆ. ಆ ಕ್ಯಾಮೆರಾ ಈಗ ಇಲ್ಲದವರು, ಅಥವಾ ಒಂದೇ ಒಂದು ಅಪರೂಪದ ಚಿತ್ರವನ್ನು ಹಿಡಿದು ಕುಳಿತವರು ನಾಯ್ಸ್2ವಾಯ್ಡ್ ಪ್ರಯತ್ನಿಸಬಹುದು. ಬರೀ ಜೆಪೆಗ್ ಇರುವವರು ಎರಡರ ಗೊಡವೆಗೂ ಹೋಗದಿರುವುದು ಲೇಸು. ಹತ್ತಿಪ್ಪತ್ತು ಚಿತ್ರಗಳಷ್ಟೇ ಇದ್ದರೆ, ಫಿನ್ಲೆಂಡಿನ ಟಾಂಪೆರೆಯಲ್ಲಿ ರೂಪುಗೊಂಡು 2007ರಲ್ಲಿ ಪ್ರಕಟವಾದ ಬಿಎಂ3ಡಿ ಎಂಬ ಹಳೆಯ ವಿಧಾನ ಯಾವ ತರಬೇತಿಯೂ ಇಲ್ಲದೆ, ನಾಯ್ಸ್‌ನ ಪ್ರಮಾಣವೊಂದನ್ನು ಹೇಳಿದರೆ, ಕೆಲಸವನ್ನು ಮರ್ಯಾದೆಯಿಂದ ಮುಗಿಸಿಕೊಡುತ್ತದೆ.

ಆ ‘ಪ’ಕಾರದ ವಿಷಯವೊಂದು ಬಾಕಿ ಇದೆ. ನಾಯ್ಸ್2ನಾಯ್ಸ್ ಕೊಟ್ಟ ಚಿತ್ರದಲ್ಲಿ ಅದರ ತಲೆಯ ಮೇಲಿನ ಭಾಗ ಮಸುಕಾಗಿಯೇ ಇತ್ತು, ತೆರೆದಿದೆ ಎಂದೂ ಹೇಳುವಂತಿರಲಿಲ್ಲ, ಮುಚ್ಚಿದೆ ಎಂದೂ ಹೇಳುವಂತಿರಲಿಲ್ಲ. ಮೂಲ ಚಿತ್ರವನ್ನೂ ಚೊಕ್ಕಗೊಂಡದ್ದನ್ನೂ ಪಕ್ಕಪಕ್ಕ ಇಟ್ಟು, ಶಾಸನ ಓದಬಲ್ಲ ಹಿರಿಯರೊಬ್ಬರಿಗೆ ಕಳುಹಿಸಿದೆ. ಅವರು ಫೋನ್ ಮಾಡಿ, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒತ್ತಿಹಿಡಿದು ಒಂದು ಪಕ್ಕದಿಂದ ಬೆಳಕು ಬಿಟ್ಟು ನೋಡಿ ಎಂದರು. ಭಟ್ಟರು ಟಾರ್ಚ್ ಹಿಡಿದರು, ನಾನು ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ಉಳಿಯ ಗೆರೆ ಎರಡೂ ಬದಿಯಿಂದ ಮೇಲೇರಿ ಕೂಡದೆ ನಿಂತಿತ್ತು. ನಡುವಿನ ಸಂದಿಯಲ್ಲಿ ಹಳೆಯ ಸುಣ್ಣ ಗಟ್ಟಿಯಾಗಿ ಕುಳಿತಿತ್ತು.